ಇಂಬಳದ ದಾರಿ

ಬಣಕಲ್ ಕಡೆಯ ಕಾಫಿ ತೋಟದಲ್ಲಿ ರಕ್ತ ಹೀರುವ ಇಂಬಳ ಯಾರ ಕಾಲನ್ನೂ ಬಿಡುವುದಿಲ್ಲ. ಆದರೆ ಒಂದು ಮಳೆಗಾಲವಿಡೀ ನನ್ನ ಗಂಡ ಉಮೇಶರ ಎಡಗಾಲನ್ನು ಅವು ಮುಟ್ಟಲಿಲ್ಲ. ನಾವು ನಗಾಡಿದೆವು. ಆಮೇಲೆ ಅದೇ ಕಾಲಿನ ತೊಡೆಯಲ್ಲಿ ಕ್ಯಾನ್ಸರ್ ಗಂಟು ಕಂಡು, ಮಂಗಳೂರಿನಲ್ಲಿ ಆಪರೇಷನ್ ಆಯಿತು.

“ಗಂಟು ಪೂರ್ತಿ ತೆಗೆದಿದ್ದೇವೆ. ಮತ್ತೆ ಬಂದರೆ ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತೆ. ಎದೆಯ ಸ್ಕ್ಯಾನ್ ತಪ್ಪಿಸಬೇಡಿ” ಎಂದರು ಡಾಕ್ಟರು.

ಈ ಮಳೆಗಾಲ ಅದೇ ಕಾಲಿಗೆ ಇಂಬಳ ಹತ್ತಿತು. ರಕ್ತ ಸುರಿಯುವುದನ್ನು ಇವರು ಖುಷಿಯಿಂದ ತೋರಿಸಿದರು. “ಇಂಬಳವೇ ಬಂತಲ್ಲ ಮಾರಾಯ್ತಿ, ಇನ್ನೆಂಥ ಸ್ಕ್ಯಾನು?”

ನನಗೆ ಮಾತ್ರ ಅನುಮಾನ ಹೋಗಲಿಲ್ಲ.

ನಿನ್ನೆ ಮಧ್ಯಾಹ್ನ ಇವರು ಅಂಗಿ ಬಿಚ್ಚಿ ಮಲಗಿದ್ದಾಗ ಇಂಬಳವೊಂದು ಹೊಟ್ಟೆಯ ಮೇಲೆ ಹತ್ತುತ್ತಿತ್ತು. ಕೀಳಲು ಕೈ ಚಾಚಿದವಳು ಸುಮ್ಮನೆ ನಿಂತೆ. ಅದು ಎದೆಯವರೆಗೆ ಬಂದು, ತಲೆಯೆತ್ತಿ ಮೂಸಿ, ಬಂದ ದಾರಿಯಲ್ಲೇ ಇಳಿದು ಹೋಯಿತು.