ನೀಲಿ ದಾರದ ಅಂಚು

"ನಿಮಗೆ ಉರೀತಿದೆಯಾ?"

ಮೊದಲ ಭೇಟಿಯಲ್ಲೇ ಯಾರಾದರೂ ಹೀಗೆ ಕೇಳುತ್ತಾರಾ? ಅದೂ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ, ತುಂಬಿದ ಗೃಹಪ್ರವೇಶದ ಮನೆಯಲ್ಲಿ, ಕೈಯಲ್ಲಿ ಕೋಸಂಬರಿ ತಟ್ಟೆ ಹಿಡಿದುಕೊಂಡು!

ರಂಜನಿ ಥಟ್ಟನೆ ಹೊಟ್ಟೆಯ ಮೇಲಿಂದ ಕೈ ತೆಗೆದಳು. ಎದುರಿಗೆ ನಿಂತಿದ್ದವನು ಉತ್ತಮ್. ಅಲ್ಲೇ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಅಂತ ಆಗಷ್ಟೇ ಯಾರೋ ಪರಿಚಯಿಸಿದ್ದರು.

"ಏನ್ರೀ ಉರಿ?" ಅವಳ ದನಿ ಗಡುಸಾಯಿತು.

"ಅಲ್ಲ... ಸೆಕೆ ಅಲ್ವಾ. ಆ ಫ್ಯಾನ್ ಕೆಳಗೆ ಕುರ್ಚಿ ಖಾಲಿ ಇದೆ, ಕೂತ್ಕೊಳ್ಳಿ ಅಂದೆ."

ಸೆಕೆಯಂತೆ ಸೆಕೆ! ಇವನು ಏನನ್ನೋ ನೋಡಿದ್ದಾನೆ...

ಸಂಜೆ ಸೀರೆ ಬಿಚ್ಚುವಾಗ ಅವಳು ನೆರಿಗೆ ನೆರಿಗೆ ಕೊಡವಿ ಹುಡುಕಿದಳು. ಬಟ್ಟೆಯ ತುಂಡು ಕಾಣೆಯಾಗಿತ್ತು!

ಯಾವ ಬಟ್ಟೆ ಅಂತೀರಾ? ಹೇಳ್ತೀನಿ. ಗೃಹಪ್ರವೇಶಕ್ಕೆಂದು ಪರ್ತ್‌ಗೆ ಬಂದಿದ್ದ, ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿ ಒಬ್ಬಳೇ ಇದ್ದ ರಂಜನಿ ಒಂದು ಕಾಲಕ್ಕೆ ನೂರಾ ಹದಿನೆಂಟು ಕೆಜಿ ತೂಗುತ್ತಿದ್ದಳು. ಛಲ ಹಿಡಿದು ಐವತ್ತೆರಡು ಕೆಜಿ ಇಳಿಸಿದಳು. ತೂಕವೇನೋ ಹೋಯಿತು, ಚರ್ಮ ಎಲ್ಲಿಗೆ ಹೋಗಬೇಕು? ಹೊಟ್ಟೆಯ ಕೆಳಗೆ ಮಡಿಕೆಯಾಗಿ ಜೋತುಬಿತ್ತು. ಜೊತೆಗೆ ಹದಿನಾರನೇ ವಯಸ್ಸಿನಿಂದ ಅಂಟಿಕೊಂಡ ಸೋರಿಯಾಸಿಸ್. ಮಡಿಕೆಯೊಳಗೆ ಚರ್ಮ ಕೆಂಪಾಗಿ, ಬೆವರು ನಿಂತರೆ ಬೆಂಕಿ ಇಟ್ಟ ಹಾಗೆ. ಬ್ರಿಸ್ಬೇನ್‌ನಲ್ಲಿದ್ದ ಅಕ್ಕ ಜಯಮಾಲಾ, ಭಾವನ ಹಳೇ ಪಂಚೆ ಹರಿದು, ಅಂಚಿಗೆ ನೀಲಿ ದಾರ ಹೊಲಿದು ಕಳಿಸುತ್ತಿದ್ದಳು. ಆ ಮೆತ್ತನೆ ತುಂಡನ್ನು ಮಡಿಕೆಯೊಳಗೆ ಇಟ್ಟುಕೊಂಡರೇ ರಂಜನಿಗೆ ದಿನ ಕಳೆಯುತ್ತಿದ್ದದ್ದು.

ಅಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂ ಬಾರದು. ಹಿಂದೊಮ್ಮೆ ನಿಶ್ಚಿತಾರ್ಥದ ವಾರದಲ್ಲೇ ವರ ಕಾರ್ತಿಕನ ಅಮ್ಮ ಅವಳ ಮೊಣಕೈ ನೋಡಿ, "ಇದು ಅಂಟುತ್ತಾ?" ಅಂದಿದ್ದರು. ಉತ್ತರಕ್ಕೂ ಕಾಯದೆ ಸಂಬಂಧ ಮುರಿದಿದ್ದರು.

ಉತ್ತಮ್ ಮಾತ್ರ ಆ ಗೃಹಪ್ರವೇಶದ ನಂತರ ಪ್ರತಿ ಭಾನುವಾರ ಫೋನ್ ಮಾಡತೊಡಗಿದ. ಸಾರಿನ ಪುಡಿಯಿಂದ ಹಿಡಿದು ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಹಳಸಲು ಪೈವರೆಗೆ ಎಲ್ಲ ಮಾತಾಡುತ್ತಿದ್ದ. ಆದರೆ ಆ ಉರಿಯ ವಿಷಯ? ಎಂಟು ತಿಂಗಳಾದರೂ ಒಮ್ಮೆಯೂ ಎತ್ತಲಿಲ್ಲ.

ಅದೇ ಅವಳ ಅನುಮಾನ! ಎಲ್ಲ ಗೊತ್ತಿದ್ದೂ ಕೇಳದೇ ಇರೋನು ಮನಸ್ಸಿನಲ್ಲಿ ಏನು ಇಟ್ಟುಕೊಂಡಿದ್ದಾನೆ?

* * *

ಸೋಮವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು.

"ರಂಜೂ, ನನ್ನ ಮಗರಾಯ ಪ್ರಥಮ್‌ಗೆ ಚಿಕನ್‌ಪಾಕ್ಸ್ ಕಣೇ! ನಿನ್ನ ಸೋರಿಯಾಸಿಸ್ ಇಂಜೆಕ್ಷನ್ ಪ್ರಭಾವ ಇನ್ನೂ ಇದೆ, ಸೋಂಕು ಬೇಗ ತಗುಲುತ್ತೆ, ಈ ಮನೆಯಿಂದ ಯಾರೂ ಹತ್ತಿರ ಬರಬೇಡಿ ಅಂದ್ರು ಡಾಕ್ಟ್ರು. ನಾನು ಬರೋ ಹಾಗಿಲ್ವೇ..."

ರಂಜನಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಬುಧವಾರ ಆಪರೇಷನ್. ಆ ಜೋತುಬಿದ್ದ ಚರ್ಮ ತೆಗೆಯುವುದಿತ್ತು. ಚರ್ಮದ ಡಾಕ್ಟರು, ಸರ್ಜನ್ ಇಬ್ಬರೂ ಕೂತು ಗೊತ್ತು ಮಾಡಿದ ದಿನ. ಇಂಜೆಕ್ಷನ್‌ನಿಂದ ಮಡಿಕೆಯ ಕೆಂಪು ಈಗ ಆರಿತ್ತು. ಆಪರೇಷನ್‌ಗೆಂದು ಆ ಇಂಜೆಕ್ಷನ್ ನಿಲ್ಲಿಸಿದ್ದೂ ಆಗಿತ್ತು. ಈ ದಿನ ತಪ್ಪಿದರೆ ಕೆಂಪು ಮತ್ತೆ ಏಳುತ್ತದೆ, ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಆಪರೇಷನ್ನೇ ಇಲ್ಲ ಅಂತ ಆಸ್ಪತ್ರೆಯವರು ಖಡಾಖಂಡಿತ ಹೇಳಿದ್ದರು.

ಅಷ್ಟರಲ್ಲಿ ಕಾಲಿಂಗ್ ಬೆಲ್.

ಬಾಗಿಲಲ್ಲಿ, ಪರ್ತ್‌ನಲ್ಲಿರಬೇಕಾದ ಉತ್ತಮ್! ಪಕ್ಕದಲ್ಲಿ ಒಂದು ಕಂದು ಬಣ್ಣದ ದೊಡ್ಡ ರಿಕ್ಲೈನರ್ ಕುರ್ಚಿ!

"ಇಲ್ಲೇ ಪಕ್ಕದ ಕಿಲ್ಬರ್ನ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಸಿಕ್ತು. ಅರ್ಧ ಕೂತ ಹಾಗೇ ಮಲಗಬಹುದು. ಎಲ್ಲಿ ಇಡಲಿ?"

"ಅಲ್ಲೇ ಇರಿ! ಒಳಗೆ ಬರಬೇಡಿ. ಯಾರು ಹೇಳಿದ್ದು ನಿಮಗೆ? ಅಕ್ಕನಾ?"

"ನಿಮ್ಮ ಅಕ್ಕನ ನಂಬರೇ ನನ್ನ ಹತ್ತಿರ ಇಲ್ಲ."

"ಮತ್ತೆ?!"

"ನೀವೇ ರೀ. ಕನ್ನಡದವರ ಗ್ರೂಪ್‌ನಲ್ಲಿ ಹಾಕಿದ್ರಲ್ಲ, 'ನನ್ನ ಫ್ರೆಂಡ್‌ಗೆ ನಾಲ್ಕು ವಾರಕ್ಕೆ ರಿಕ್ಲೈನರ್ ಬೇಕು, ಬೆನ್ನು ನೆಟ್ಟಗೆ ಮಾಡೋ ಹಾಗಿಲ್ಲ' ಅಂತ. ಕಿಲ್ಬರ್ನ್‌ನ ವನಜಾ ಆಂಟಿ ನನಗೂ ಪರಿಚಯ, ಶುಕ್ರವಾರ ಅದನ್ನ ನನಗೆ ಕಳಿಸಿದ್ರು. ನನ್ನ ಕೆಲಸಾನೇ ಅದಲ್ವಾ, ಯಾವ ಆಪರೇಷನ್ ಅಂತ ಊಹಿಸಿದೆ."

"ಅಯ್ಯೋ! ಆಂಟಿಗೂ ಗೊತ್ತಾ?"

"ನಿಮ್ಮ ಫ್ರೆಂಡ್‌ಗೇ ಅಂತ ನಂಬೋಕೆ ತುಂಬಾ ಕಷ್ಟಪಡ್ತಿದ್ದಾರೆ ಪಾಪ. 'ಆ ಫ್ರೆಂಡ್‌ಗೆ ಸ್ನಾನಕ್ಕೆ ಸಹಾಯ ಬೇಕಾದ್ರೆ ನಾನಿದ್ದೀನಿ' ಅಂದ್ರು."

ನಗು ಬಂತು. ನುಂಗಿಕೊಂಡಳು. ಇಷ್ಟು ಸುಲಭವಾಗಿ ಸೋಲಬಾರದು!

"ಸರಿ, ಇದು ಫ್ರೆಂಡ್‌ಗೆ ಅಲ್ಲ, ನನಗೇ ಅಂತ ಹೇಗೆ ಗೊತ್ತಾಯ್ತು?"

ಉತ್ತಮ್ ಜೇಬಿಗೆ ಕೈ ಹಾಕಿದ. ಪರ್ಸ್ ತೆಗೆದ. ಅದರೊಳಗಿಂದ ನಾಲ್ಕಾಗಿ ಮಡಿಚಿದ ಬಿಳಿ ಬಟ್ಟೆ. ಅಂಚಿಗೆ ನೀಲಿ ದಾರ...

"ಕದ್ದಿದ್ದು ನೀವಾ?!"

"ಹಿರಿಯರ ಕಾಲಿಗೆ ಬಗ್ಗಿದಾಗ ಬಿತ್ತು. ಯಾರೂ ನೋಡೋಕೆ ಮುಂಚೆ ಜೇಬಿಗೆ ಹಾಕ್ಕೊಂಡೆ. ಅಲ್ಲೇ ಕೈಗೆ ಕೊಟ್ಟಿದ್ರೆ ನನ್ನ ಫೋನ್ ಎತ್ತುತ್ತಿದ್ರಾ?"

"ಇದೇನು ಅಂತ ಗೊತ್ತಾ ನಿಮಗೆ?"

"ಮೈಸೂರಲ್ಲಿ ಭಾನುವಾರ ನಮ್ಮಪ್ಪನ ಪಂಚೆ ಹರಿಯೋದು ನನ್ನ ಡ್ಯೂಟಿ. ಹೊಸ ಬಟ್ಟೆ ಚುಚ್ಚುತ್ತೆ, ಒಗೆದು ಒಗೆದು ಸವೆದದ್ದೇ ಬೇಕು ಅನ್ನೋರು ಅಮ್ಮ. ಅವರಿಗೂ ಇದೇ ಕಾಯಿಲೆ."

ರಂಜನಿ ಬಟ್ಟೆಯನ್ನು ತೆಗೆದುಕೊಂಡು ನೀಲಿ ಅಂಚನ್ನು ಸವರಿದಳು. ಆದರೂ ಒಳಗಿನ ಅನುಮಾನ ಹೆಡೆ ಎತ್ತಿತು.

"ಓಹೋ, ಹೊಟ್ಟೆ ಸರಿಯಾಗುತ್ತೆ ಅಂತ ಗೊತ್ತಾದ ಮೇಲೆ ಓಡಿ ಬಂದ್ರಿ!"

"ಫೋನ್ ಮಾಡ್ತಿರೋದು ಎಂಟು ತಿಂಗಳಿಂದ. ಆಪರೇಷನ್ ವಿಷಯ ಗೊತ್ತಾಗಿದ್ದು ಶುಕ್ರವಾರ. ನೀವೇ ಲೆಕ್ಕ ಹಾಕಿ."

ಅವಳು ರಪ್ಪನೆ ತೋಳು ಮೇಲೆತ್ತಿದಳು. ಮೊಣಕೈ ಆಗಲೇ ಕೆಂಪಾಗಿ, ಬೆಳ್ಳಗೆ ಹೊಟ್ಟು ಎದ್ದಿತ್ತು.

"ನೋಡಿ! ಮಡಿಕೆ ಹೋಗುತ್ತೆ, ಇದು ಹೋಗಲ್ಲ. ಹೊಲಿಗೆ ಗುರುತಿನ ಉದ್ದಕ್ಕೂ ಹೊಸದಾಗಿ ಏಳಬಹುದು ಅಂದಿದ್ದಾರೆ. ಆಮೇಲೆ ನನಗೆ ಗೊತ್ತಿರಲಿಲ್ಲ ಅನ್ನಬೇಡಿ. ಅಂಟುತ್ತೆ ಅಂತ ಭಯ ಇಲ್ವಾ ನಿಮಗೆ?"

"ಅಮ್ಮನ ತೊಡೆ ಮೇಲೆ ಮಲಗಿ ಬೆಳೆದೋನು ನಾನು. ಇಷ್ಟು ದಿನಕ್ಕೆ ಅಂಟಬೇಕಿತ್ತು."

ಅವನು ಅವಳ ಮೊಣಕೈಯನ್ನೇ ನೋಡಿದ. ಮುಖ ತಿರುಗಿಸಲಿಲ್ಲ.

"ಇವತ್ತು ಮುಲಾಮು ಹಚ್ಚಿಲ್ಲ ಅಲ್ವಾ?"

ಅಷ್ಟೇ! ಇಷ್ಟು ವರ್ಷ ಹತ್ತು ಬೀಗ ಹಾಕಿ ಇಟ್ಟುಕೊಂಡದ್ದೆಲ್ಲ ಆ ಒಂದು ಪ್ರಶ್ನೆಗೆ ಕಣ್ಣೀರಾಗಿ ಇಳಿಯಿತು.

"ಅಕ್ಕ ಬರೋ ಹಾಗಿಲ್ಲ. ಹಾಲ್‌ನಲ್ಲಿ ಸೋಫಾ ಇದೆ," ಅಂದಳು ಮೂಗು ಒರೆಸಿಕೊಳ್ಳುತ್ತಾ. "ರಾತ್ರಿ ಗೊರಕೆ ಹೊಡೆದರೆ ಪರ್ತ್‌ಗೆ ವಾಪಸ್."

ಆಸ್ಪತ್ರೆಯ ಫಾರಂನಲ್ಲಿ 'ಜೊತೆಗಿರುವವರು' ಎಂಬಲ್ಲಿ ಅವನ ಹೆಸರು ಬರೆದಳು. 'ಸಂಬಂಧ' ಎಂಬಲ್ಲಿ ಪೆನ್ನು ನಿಂತಿತು. ಕೊನೆಗೆ 'ಫ್ರೆಂಡ್' ಅಂತ ಗೀಚಿದಳು.

* * *

ಆಪರೇಷನ್ ಮುಗಿದ ಮೂರನೇ ದಿನ. ಆಸ್ಪತ್ರೆಯ ಕಾರಿಡಾರ್‌ನಲ್ಲಿ ರಂಜನಿ ಹೊಟ್ಟೆಗೆ ಬಿಗಿ ಪಟ್ಟಿ ಸುತ್ತಿಕೊಂಡು, ಅಜ್ಜಿಯ ಹಾಗೆ ಬಗ್ಗಿ ಹೆಜ್ಜೆ ಹಾಕುತ್ತಿದ್ದಳು. ಹೊಲಿಗೆ ಎಳೆಯುವುದರಿಂದ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ.

ಪಕ್ಕದಲ್ಲಿ ಉತ್ತಮ್. ಅವನೂ ಸೊಂಟ ಬಗ್ಗಿಸಿಕೊಂಡೇ ನಡೆಯುತ್ತಿದ್ದ! ಎದುರಿಗೆ ಬಂದ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ನನ್ನನ್ನ ಆಡಿಕೊಳ್ತಿದ್ದೀರಾ?" ರಂಜನಿಯ ಹುಬ್ಬು ಗಂಟಾಯಿತು.

"ಇಲ್ಲಪ್ಪಾ. ನೀವು ನೆಲ ನೋಡ್ಕೊಂಡು ಮಾತಾಡ್ತೀರ. ನೆಟ್ಟಗೆ ನಿಂತ್ರೆ ನನಗೆ ನಿಮ್ಮ ಮುಖ ಕಾಣಲ್ಲ."

ರಂಜನಿ ನಿಂತಳು. ತಲೆ ಓರೆ ಮಾಡಿ ಅವನನ್ನು ನೋಡಿದಳು. ಅವನ ಮುಖ ಅವಳ ಮುಖದಷ್ಟೇ ಎತ್ತರದಲ್ಲಿತ್ತು.

"ಉತ್ತಮ್... ನನಗೊಂದು ಅನುಮಾನ."

"ಅಯ್ಯಪ್ಪಾ, ಇನ್ನೂ ಮುಗಿದಿಲ್ವಾ! ಈ ಸಲ ಏನು ಮಾಡಿದೆ ನಾನು?"

"ಈ ಸಲ ನಿಮ್ಮ ಮೇಲಲ್ಲ, ನನ್ನ ಮೇಲೆ. ಫಾರಂನಲ್ಲಿ ಸುಳ್ಳು ಬರೆದುಬಿಟ್ಟೆನೇನೋ ಅಂತ..."

ಅವನ ಕಣ್ಣು ತುಂಬಿ ಬಂತು.

"ಏನಂತ ಬರೀಬೇಕಿತ್ತು?"

"ನನ್ನನ್ನ ನಗಿಸಬೇಡಿ, ಅಳಿಸಲೂಬೇಡಿ. ಹೊಲಿಗೆ ಎಳೆಯುತ್ತೆ," ಅಂದಳು ಅವನ ಕೈ ಹಿಡಿದು. "ಮೊದಲು ಆ ಕಿಟಕಿವರೆಗೆ ನಡೆಸಿ. ಅಲ್ಲಿ ಹೇಳ್ತೀನಿ."

ಇಬ್ಬರೂ ಬಗ್ಗಿಕೊಂಡೇ ನಡೆದರು.