ಅತಿ ಹಳೆಯ ಕಾರಿನ ನಂಬರ್ ಫಲಕ

ಸೋಮವಾರ ಬೆಳಿಗ್ಗೆ 9.40ಕ್ಕೆ ಹಳೆ ಕಾರುಗಳ ಸಂಗ್ರಹಾಲಯದ ಮಾಲೀಕರು ಠಾಣೆಗೆ ಬಂದು ಕುರ್ಚಿಯಲ್ಲಿ ಕುಸಿದರು. 1898ರ ಕಾರಿನ ಎಂಜಿನ್ ಮೇಲಿದ್ದ ಹಿತ್ತಾಳೆಯ ನಂಬರ್ ಫಲಕ ಕಳುವಾಗಿತ್ತು.

"ಕಾರು ಬಿಟ್ಟು ತಗಡು ಕದ್ನಾ? ಕಳ್ಳನಿಗೆ ತಲೆ ನೆಟ್ಟಗಿಲ್ಲ," ಎಂದ ಮುಖ್ಯಪೇದೆ.

"ಆ ತಗಡೇ ಅದರ ಜಾತಕ, ಯಾವ ವರ್ಷದ್ದು ಅನ್ನೋಕೆ ಇರೋ ಪುರಾವೆ, ಸ್ವಾಮಿ. ನಮ್ಮ ದೇಶದಲ್ಲಿ ಉಳಿದಿರೋ ಕಾರುಗಳಲ್ಲಿ ಇದೇ ಅತಿ ಹಳೇದು ಅಂತ ಬರೆದುಕೊಡೋಕೆ ಗುರುವಾರ ಪರೀಕ್ಷಕರು ಬರ್ತಿದ್ದಾರೆ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ 11 ಗಂಟೆಗೆ ಪಂಚನಾಮೆಗೆ ಹೋದರು. ಬೀಗ ಒಡೆದಿರಲಿಲ್ಲ. ಫಲಕ ಬಿಚ್ಚಿದವನು ನಾಲ್ಕು ಸ್ಕ್ರೂಗಳನ್ನೂ ಮತ್ತೆ ಅವುಗಳ ತೂತಿಗೇ ಕೂರಿಸಿದ್ದ. ನಾಲ್ಕರ ತಲೆಯ ಗೀರೂ ಒಂದೇ ನೇರಕ್ಕಿತ್ತು.

"ಕಳ್ಳನಿಗೆ ಇಷ್ಟು ಪುರುಸೊತ್ತಾ?" ಎಂದ ಜೊತೆಗೆ ಬಂದಿದ್ದ ಮುಖ್ಯಪೇದೆ.

ಇನ್‌ಸ್ಪೆಕ್ಟರ್ ಪಕ್ಕದ ಕಾರಿನ ಬಾನೆಟ್ ಎತ್ತಿಸಿದರು. ಅದರಾಚೆಯದನ್ನೂ. ಎಲ್ಲೆಡೆ ಗೀರುಗಳು ಹಾಗೆಯೇ ನೇರ.

"ಇವನ್ನ ರಿಪೇರಿ ಮಾಡೋರು ಯಾರು?"

"ನಮ್ಮ ಮೇಸ್ತ್ರಿ. ಅವರಪ್ಪನೇ ಈ ಕಾರನ್ನ ಗುಜರಿಯಲ್ಲಿ ಹುಡುಕಿ ತಂದದ್ದು. ದೇವರಂಥ ಮನುಷ್ಯ." ಮಾಲೀಕರು ಗೋಡೆಯಲ್ಲಿದ್ದ ಆ ತಂದೆಯ ಪಟ ತೋರಿಸಿದರು.

ಹಿಂದಿನ ಶೆಡ್ಡಿನಲ್ಲಿ ಅರವತ್ತು ದಾಟಿದ ಮೇಸ್ತ್ರಿ ಏನನ್ನೋ ಅರದಿಂದ ಉಜ್ಜುತ್ತಿದ್ದರು.

"ಸ್ಕ್ರೂ ವಾಪಸ್ ಯಾಕೆ ಹಾಕಿದ್ರಿ, ಮೇಸ್ತ್ರಿ?"

ಅರ ನಿಂತಿತು. "ತೂತು ಖಾಲಿ ಬಿಟ್ಟು ಅಭ್ಯಾಸ ಇಲ್ಲ, ಸಾರ್."

ಅಷ್ಟು ಬಾಯಿಂದ ಬಂದ ಮೇಲೆ ಸುಳ್ಳು ಹೇಳುವ ತ್ರಾಣ ಅವರಲ್ಲಿ ಉಳಿಯಲಿಲ್ಲ. ಫಲಕ ಸಾಮಾನಿನ ಪೆಟ್ಟಿಗೆಯಲ್ಲಿ, ಎಣ್ಣೆ ಬಟ್ಟೆಯಡಿ ಸಿಕ್ಕಿತು.

"ಮಾರೋಕಾ?"

"ಇದನ್ನ ಯಾರು ಕೊಳ್ತಾರೆ? ಇದು ನಮ್ಮಪ್ಪನ ಕೈಕೆಲಸ, ಸಾರ್. ಮೂರು ಗುಜರಿ ಗಾಡಿ ಸೇರಿಸಿ ಒಂದು ಕಾರು ಮಾಡಿ, ನಂಬರನ್ನೂ ತಾವೇ ಕೊರೆದ್ರು. ಸಾಯೋ ಮುಂಚೆ ನನಗೊಬ್ಬನಿಗೇ ಹೇಳಿದ್ರು. ಪರೀಕ್ಷಕರು ಭೂತಗನ್ನಡಿ ಹಿಡಿದ್ರೆ ಅಪ್ಪನ ಹೆಸರು ಮುಗೀತು. ಫಲಕ ಕಳುವಾಗಿದೆ ಅಂದ್ರೆ ಕಾರು ನಿಜವೋ ನಕಲಿಯೋ ಅನ್ನೋದು ಬರೀ ಅನುಮಾನವಾಗೇ ಉಳ್ಕೋತಿತ್ತು."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಾಲೀಕರು ಹೊರಟುಹೋದರು. ಇನ್‌ಸ್ಪೆಕ್ಟರಿಗೆ ಪ್ರಕರಣ ಬಗೆಹರಿದ ನೆಮ್ಮದಿ ಹುಟ್ಟಲಿಲ್ಲ.

ಸಂಜೆ 4.15ಕ್ಕೆ ಠಾಣೆಯಲ್ಲಿ ಬಂಧನದ ಕಾಗದ ಸಿದ್ಧವಾಯಿತು.

"ಕದ್ದಿದ್ದು ನಾನು, ಒಪ್ಕೊಂಡೆ. ಅಪ್ಪನ ವಿಷಯ ಬಿಟ್ಟು ಬರೀರಿ, ಸಾರ್. ಕೈಮುಗೀತೀನಿ."

"ಯಾಕೆ ಕದ್ರಿ ಅಂತ ನ್ಯಾಯಾಲಯ ಕೇಳುತ್ತೆ, ಮೇಸ್ತ್ರಿ."

ಮುಖ್ಯಪೇದೆ ಆರೋಪಿಯ ಹೆಸರು, ವಯಸ್ಸು ತುಂಬಿ, ಮುಂದಿನ ಅಂಕಣದ ಮೇಲೆ ಪೆನ್ನಿಟ್ಟು ತಲೆಯೆತ್ತಿದ. "ತಂದೆ ಹೆಸರು?"

ಮೇಸ್ತ್ರಿ ಇನ್‌ಸ್ಪೆಕ್ಟರರ ಮುಖ ನೋಡಿದರು. ಇನ್‌ಸ್ಪೆಕ್ಟರ್ ಮೇಜು ನೋಡುತ್ತಿದ್ದರು.

ಕೊನೆಗೆ ಮೇಸ್ತ್ರಿ ಹೇಳಿದರು. ದನಿ ಎಷ್ಟು ಸಣ್ಣಗಿತ್ತೆಂದರೆ, ಇನ್ನೊಮ್ಮೆ ಹೇಳಬೇಕಾಯಿತು.