ಎಳೆ ಕೆಚ್ಚೋರು, ಕಿಚ್ಚು ಹಚ್ಚೋರು

ಮಗ್ಗದ ಕೋಣೆಗೆ ಬೀಗ ಜಡಿದವನು ಬೇರೆ ಯಾರೂ ಅಲ್ಲ... ಒಡಹುಟ್ಟಿದ ಅಣ್ಣ. ಕಾಟಪ್ಪ ಬುತ್ತಿ ಹಿಡಿದು ಬಾಗಿಲಲ್ಲೇ ನಿಂತ. ಮೊಳಕಾಲ್ಮೂರಿನ ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ ರೇಷ್ಮೆ ಸೀರೆ ನೇಯ್ದವನು ಅವನು. ಅಣ್ಣ ದೊಡ್ಡೀರಪ್ಪ ಮಾಲೀಕ, ತಮ್ಮ ಕೂಲಿ. ರಕ್ತ ಒಂದೇ, ರೊಕ್ಕ ಬೇರೆ.

ಅನುಮಾನ ಬಿತ್ತಿದವಳು ದೊಡ್ಡೀರಪ್ಪನ ಸೊಸೆ ಶಿಲ್ಪ. ಅವಳ ತವರಿನದು ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ. ಅಲ್ಲಿನ ಆಳುಗಳೆಲ್ಲ ಒಂದೇ ದಿನ ಎದುರಿನ ಗಿರಣಿ ಸೇರಿದ್ದನ್ನು ಕಂಡಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಇದ್ದಾಳೆ. ತವರಿನ ಎಣ್ಣೆಯಲ್ಲವೇ, ಉರಿ ಜಾಸ್ತಿ.

"ಮಾವ, ನಾನೇ ಕೇಳಿಸ್ಕೊಂಡೆ. ಚಿಕ್ಕಮಾವ ಫೋನಲ್ಲಿ ರಾಂಪುರದೋರಿಗೆ ಹೇಳ್ತಿದ್ರು. ಹಳೇದು ಮುಗೀತು, ಹೊಸದಕ್ಕೆ ಸೇರ್ಬೇಕು, ಅಣ್ಣ ಚಳ್ಳಕೆರೆಗೆ ಹೋಗ್ತಾನೆ, ಅವನಿಗೆ ಗೊತ್ತಾಗೋದು ಬ್ಯಾಡ ಅಂತ."

"ಅಂದಿದ್ದು ನಿಜ ಏನ್ಲೇ?" ಚಳ್ಳಕೆರೆಗೆ ಹೋಗದೆ ಉಳಿದಿದ್ದ ದೊಡ್ಡೀರಪ್ಪ ತಮ್ಮನನ್ನು ಕೇಳಿದ.

"ನಿಜ ಅಣ್ಣ."

"ಯಾವ ಮಾಲೀಕನ ಹತ್ರ ಹೋಗ್ತೀಯಾ?"

ಕಾಟಪ್ಪ ಅಣ್ಣನ ಮುಖ ನೋಡಿದ. ಏನೋ ಹೇಳಹೊರಟು ನುಂಗಿಕೊಂಡ. ನುಂಗಿದವನನ್ನು ಯಾರು ನಂಬುತ್ತಾರೆ?

ಅಷ್ಟರಲ್ಲಿ ಆಟೋದಿಂದ ಇಳಿದಳು ರಾಂಪುರದ ಹುಚ್ಚಕ್ಕ, ಕೈಯಲ್ಲಿ ಬೂದಿ ಡಬ್ಬಿ.

"ಬೀಗ ಯಾಕ್ರೀ? ಹಾಸು ಕೆಚ್ಚೋಕೆ ಬಂದೀನಿ."

ಮಗ್ಗದಲ್ಲಿ ಮುಗಿದ ಹಾಸಿನ, ಅಂದರೆ ಉದ್ದದ ಎಳೆಗಳ, ತುದಿಗೆ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಬೂದಿ ಬೆರಳಲ್ಲಿ ಒಂದೊಂದಾಗಿ ಹೊಸೆದು ಸೇರಿಸಬೇಕು. ಅದೇ ಕೆಚ್ಚುವುದು. ಹೊಸದಕ್ಕೆ ಸೇರಬೇಕಾಗಿದ್ದದ್ದು ಎಳೆ, ಕಾಟಪ್ಪನಲ್ಲ. ಶಿಲ್ಪ ಹೆಸರಿಗೆ ತಕ್ಕಂತೆ ಕಲ್ಲಾಗಿ ನಿಂತಳು.

ದೊಡ್ಡೀರಪ್ಪನ ಅನುಮಾನ ಮಾತ್ರ ಇನ್ನೊಂದು ಕಡೆಗೆ ಹೊರಳಿತು. "ಕೆಚ್ಚೋಕೆ ನಾನಿಲ್ವೇನು? ನನಗೆ ಗೊತ್ತಾಗ್ದಂಗೆ ಇವಳ್ಯಾಕೆ?"

"ಮೂರು ವರ್ಷದಿಂದ ಬರ್ತಾ ಇದೀನಲ್ಲ ಅಣ್ಣಯ್ಯ, ನೀವು ಊರಲ್ಲಿ ಇಲ್ಲದಾಗ. ನೀವು ಕೆಂಪಿಗೆ ಹಸ್ರು ಕೆಚ್ಚಿರ್ತೀರಿ, ಅದನ್ನ ಬಿಚ್ಚಿ ಮತ್ತೆ ಕೆಚ್ಚೋ ಬದ್ಲು ಈ ಸಲ ಮೊದ್ಲೇ..."

"ಸುಮ್ಕಿರಕ್ಕ," ಕಾಟಪ್ಪ ತಡೆದ. ತಡವಾಗಿತ್ತು.

ದೊಡ್ಡೀರಪ್ಪ ಜಗುಲಿಯ ಮೇಲೆ ಕೂತ. ಊರಿಗೇ ಹೆಸರಾದ ಕೈ ಅವನದು... ಅದರ ತಪ್ಪುಗಳನ್ನೆಲ್ಲ ಈ ಕೂಲಿಯವನು ತನ್ನ ಹೊಟ್ಟೆಯೊಳಗೆ ಹಾಕಿಕೊಂಡು ಬಂದಿದ್ದ.

"ನನ್ನ ಕಣ್ಣು ಮಂಜಾಗೈತೆ ಅಂತ ನಂಗೇ ಹೇಳ್ಬೋದಿತ್ತಲ್ಲೋ..."

"ಹೇಳಿದ್ರೆ ನೀನು ಮಗ್ಗದ ಕಡೆ ತಲೆ ಹಾಕ್ತಿರಲಿಲ್ಲ ಅಣ್ಣ. ಆಮೇಲೆ ನಾನೊಬ್ನೇ ಕೂತ್ಕೊಂಡು ಯಾರ ಜೊತೆ ಜಗಳ ಆಡ್ಲಿ?"

ದೊಡ್ಡೀರಪ್ಪ ಬೀಗದ ಕೈ ತೆಗೆದು ತಮ್ಮನ ಮುಂದೆ ಹಿಡಿದ. ಆಮೇಲೆ ಮೆಲ್ಲಗೆ ಕೇಳಿದ: "ತಮ್ಮ ಅಂತ ಕರೆಯೋಕೆ ಮುಖ ಇಲ್ಲ. ಕೆಲಸಗಾರ ಅಂತ ಕೇಳ್ತೀನಿ. ಒಳಗೆ ಬರ್ತೀಯಾ?"

"ಕೆಲಸಗಾರ ಅಂದ್ಮೇಲೆ ಬೇಡಿಕೆ ಐತೆ."

ಶಿಲ್ಪಳ ಕಿವಿ ನೆಟ್ಟಗಾಯಿತು.

"ಮಾಲೀಕ್ರು ಬಳ್ಳಾರಿಗೆ ಹೋಗಿ ಕಣ್ಣು ತೋರಿಸ್ಬೇಕು. ನಾಳೆನೇ. ಸೊಸೆ ಜೊತೆಗೆ ಹೋಗ್ಲಿ, ಕಾವಲು ಚೆನ್ನಾಗಿ ಕಾಯ್ತಾಳೆ."

ಶಿಲ್ಪ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ದೊಡ್ಡೀರಪ್ಪ ಎದ್ದು, ತಮ್ಮನ ಭುಜ ಹಿಡಿಯಲೆಂದು ಕೈ ಚಾಚಿದ. ಕೈ ಒಂದು ಗೇಣು ಆಚೆಗೆ ಹೋಯಿತು. ಕಾಟಪ್ಪ ಸದ್ದಿಲ್ಲದೆ ಅಷ್ಟು ಸರಿದು, ಆ ಕೈಯ ಕೆಳಗೆ ನಿಂತ.